ಮಡಿಕೇರಿ ಮಳೆಯಲ್ಲಿ ರೆಟಿಕ್ ಕೌಂಟ್: ನನ್ನ ಅನುಭವ

ರೆಟಿಕ್ ಎಂದರೆ ರೆಟಿಕ್ಯುಲೊಸೈಟ್, ಮಜ್ಜೆಯಿಂದ ಆಗಷ್ಟೇ ಹೊರಬಂದ ಎಳೆಯ ಕೆಂಪು ರಕ್ತಕಣ. ಮೈಯಲ್ಲಿ ಹೊಸ ರಕ್ತ ಹುಟ್ಟುತ್ತಿದೆಯೇ ಎಂದು ಹೇಳುವುದು ಅದರ ಕೌಂಟ್. ಕೈಯಲ್ಲಿ ಎಣಿಸಿದ ರೆಟಿಕ್ ಕೌಂಟ್ ನಂಬಬೇಡಿ ಎಂದು ನನಗೆ ಹೇಳದವರು ಕಡಿಮೆ. ಮಂಗಳೂರಿನ ದೊಡ್ಡ ಲ್ಯಾಬಿನಲ್ಲಿರುವ ಗೆಳೆಯ ಫೋನಿನಲ್ಲೇ ನಕ್ಕ. ನಮ್ಮೂರಿನ ಫಿಸಿಶಿಯನ್ ಒಬ್ಬರು, ‘ಇಬ್ಬರು ಎಣಿಸಿದ್ರೆ ಮೂರು ಉತ್ತರ ಬರುತ್ತೆ ಕಣಯ್ಯಾ, ಸುಮ್ನೆ ಕೆಳಗೆ ಮಂಗಳೂರಿಗೆ ಕಳಿಸು’ ಎಂದರು. ಈಗ ಅದೇ ಡಾಕ್ಟರು ಚೀಟಿಯಲ್ಲಿ ನನ್ನ ಲ್ಯಾಬಿನ ಹೆಸರು ಬರೆದು ರೆಟಿಕ್‌ಗೆ ಕಳಿಸುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸಣ್ಣ ಊರುಗಳಲ್ಲಿ ತ್ರೀ ಪಾರ್ಟ್ ಸೆಲ್ ಕೌಂಟರ್ (ರಕ್ತಕಣ ಎಣಿಸುವ, ಆದರೆ ರೆಟಿಕ್ ಎಣಿಸದ ಸಣ್ಣ ಮೆಷಿನ್) ಇಟ್ಟುಕೊಂಡು ಲ್ಯಾಬ್ ನಡೆಸುವವರಿಗೆ ಉಪಯೋಗ ಆದೀತು.

ಕೆಳಗೆ ಕಳಿಸುವುದರಲ್ಲಿ ಎರಡು ತೊಂದರೆ. ಮೊದಲನೆಯದು ದುಡ್ಡು. ಆಗ ಹೊರಗಿನ ಲ್ಯಾಬ್ ನನ್ನಿಂದ ಮುನ್ನೂರು, ಮುನ್ನೂರೈವತ್ತು ತೆಗೆದುಕೊಳ್ಳುತ್ತಿತ್ತು. ಅದರ ಮೇಲೆ ನನ್ನದು, ಬಸ್ಸಿನದು ಸೇರಿಸಿದರೆ ತೋಟದ ಕೂಲಿಯವರ ಒಂದು ದಿನದ ದುಡಿಮೆ ಹೋಯಿತು. ಎರಡನೆಯದು ಹೊತ್ತು. ಟ್ಯೂಬಿನ ಒಳಗೂ ರೆಟಿಕ್ ಬಲಿಯುತ್ತಲೇ ಇರುತ್ತದೆ, ಅಲ್ವಾ? ಸಂಜೆಯ ಬಸ್ಸಿಗೆ ಕೊಟ್ಟ ಸ್ಯಾಂಪಲ್ ಸಂಪಾಜೆ ಘಾಟಿ ಇಳಿದು, ಮರುದಿನ ಮಧ್ಯಾಹ್ನ ಮೆಷಿನ್‌ಗೆ ಹತ್ತುವಾಗ ಕೌಂಟ್ ಇಳಿದಿರುತ್ತದೆ. ಐಸ್ ಪ್ಯಾಕ್ ಇಟ್ಟರೆ ಸ್ವಲ್ಪ ತಡೆಯಬಹುದು, ಆದರೆ ಬಸ್ಸಿನವರು ಡಬ್ಬಿಯನ್ನು ಎಂಜಿನ್ ಪಕ್ಕ ಇಡದಂತೆ ಯಾರು ಕಾಯುತ್ತಾರೆ? 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಂಗಳೂರು ರಸ್ತೆ ಮುಚ್ಚಿತಲ್ಲ, ಆಗಂತೂ ಕಳಿಸುವ ಮಾತೇ ಇರಲಿಲ್ಲ. ನಾನೇ ಮಾಡಬೇಕು ಎಂದು ಹಟ ಹುಟ್ಟಿದ್ದು ಆಗ.

ರೆಟಿಕ್ ಒಳಗಿನ ಜಾಲಕ್ಕೆ ನೀಲಿ ಬಣ್ಣ ಹಿಡಿಸಿ ತೋರಿಸುವುದು ಡೈ. ಆ ಡೈಯಿಂದಲೇ ಗ್ರಹಚಾರ ಶುರುವಾಯಿತು. ನ್ಯೂ ಮಿಥಿಲೀನ್ ಬ್ಲೂ ಬೇಕು ಎಂದು ಬರೆದು ಕೊಟ್ಟರೆ ಸಪ್ಲೈಯರ್ ಕಳಿಸಿದ್ದು ಬರೀ ಮಿಥಿಲೀನ್ ಬ್ಲೂ. ಎರಡೂ ಒಂದೇ ಸಾರ್ ಎಂದು ವಾದ ಬೇರೆ. ಒಂದೇ ಅಲ್ಲ. ಬರೀ ಮಿಥಿಲೀನ್ ಬ್ಲೂನಲ್ಲಿ ಜಾಲ ಹಿಡಿಯುವುದೇ ಇಲ್ಲ, ಮಸುಕು ಮಸುಕು. ಬಾಟಲ್ ವಾಪಸ್ ಹೋಗಿ ಸರಿಯಾದದ್ದು ಬರಲು ತಿಂಗಳಾಯಿತು, ಕೊರಿಯರ್ ದುಡ್ಡು ನನ್ನ ತಲೆ ಮೇಲೆ. ನಡುವೆ ಬ್ರಿಲಿಯಂಟ್ ಕ್ರೆಸಿಲ್ ಬ್ಲೂ ತರಿಸಿ ನೋಡಿದೆ. ಒಂದು ಬಾಟಲ್ ಚೆನ್ನಾಗಿ ಬಂತು, ಮುಂದಿನದು ಬರಲಿಲ್ಲ. ಬ್ಯಾಚ್‌ನಿಂದ ಬ್ಯಾಚ್‌ಗೆ ಬದಲಾಗುವ ಡೈ ಹಿಡಿದುಕೊಂಡು ರಿಪೋರ್ಟ್ ಕೊಡುವುದು ನನಗಾಗದು. ಈಗ ನ್ಯೂ ಮಿಥಿಲೀನ್ ಬ್ಲೂ ಒಂದೇ, 1 ಪರ್ಸೆಂಟ್, ಸಿಟ್ರೇಟ್ ಸಲೈನ್‌ನಲ್ಲಿ. 3 ಪರ್ಸೆಂಟ್ ಸಿಟ್ರೇಟ್ ಒಂದು ಪಾಲು, ನಾರ್ಮಲ್ ಸಲೈನ್ ನಾಲ್ಕು ಪಾಲು. ಮಾಡಿದ ದಿನವೇ ಬಳಸುವುದಿಲ್ಲ. ಎಷ್ಟು ದಿನ ಇಡುತ್ತೇನೆ, ಎಲ್ಲಿ ಇಡುತ್ತೇನೆ ಎನ್ನುವುದು ನನ್ನಲ್ಲೇ ಇರಲಿ. ಬಳಸುವ ಬೆಳಿಗ್ಗೆ ಸೋಸುವುದನ್ನು ಮಾತ್ರ ತಪ್ಪಿಸಬೇಡಿ. ತಳದ ಕಣ ಒಂದು ಸೆಲ್ ಮೇಲೆ ಕೂತರೆ ಅದೂ ರೆಟಿಕ್ ಆಗಿಬಿಡುತ್ತದೆ. ಫಿಲ್ಟರ್ ಪೇಪರ್ ಇಲ್ಲದ ದಿನ ಫನೆಲ್‌ಗೆ ಹತ್ತಿ ತುರುಕಿ ನೋಡಿದೆ, ಹತ್ತಿಯ ಎಳೆಗಳೇ ಸ್ಲೈಡಿಗೆ ಬಂದವು.

ಆಮೇಲೆ ಚಳಿ. ರಕ್ತ, ಡೈ ಕಲಸಿ ರೂಮ್ ಟೆಂಪರೇಚರ್‌ನಲ್ಲಿ ಹದಿನೈದು ನಿಮಿಷ ಸಾಕು ಎಂದು ಹೇಳುವವರು ಜುಲೈ ತಿಂಗಳಲ್ಲಿ ಮಡಿಕೇರಿಗೆ ಬಂದು ನೋಡಲಿ. ನನ್ನ ಮೇಜಿನ ಮೇಲಿನ ಥರ್ಮಾಮೀಟರ್ ಹದಿನೆಂಟು, ಹತ್ತೊಂಬತ್ತು ದಾಟುವುದಿಲ್ಲ. ಅಷ್ಟು ತಣ್ಣಗಿದ್ದರೆ ಡೈ ಒಳಗೆ ಇಳಿಯಲು ಸತಾಯಿಸುತ್ತದೆ. ಒಂದೇ ರಕ್ತವನ್ನು ಎರಡು ಟ್ಯೂಬ್ ಮಾಡಿ, ಒಂದನ್ನು ಮೇಜಿನ ಮೇಲೆ, ಇನ್ನೊಂದನ್ನು 37 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಟ್ಟೆ. ಮೇಜಿನದು ಒಂದೂವರೆ ಪರ್ಸೆಂಟ್ ತೋರಿಸಿದರೆ ಬಿಸಿಯದು ಎರಡೂವರೆಯ ಹತ್ತಿರ ಬಂತು. ಡಾಕ್ಟರು ಹೇಳಿದ ಮೂರು ಉತ್ತರಗಳಲ್ಲಿ ಎರಡು ಎಲ್ಲಿಂದ ಹುಟ್ಟುತ್ತಿದ್ದವು ಎಂದು ಅಲ್ಲೇ ಗೊತ್ತಾಯಿತು.

ವಾಟರ್ ಬಾತ್ ಇದೆಯಲ್ಲ ಎನ್ನಬೇಡಿ, ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಇರುವುದೇ ಹಬ್ಬ. ಇನ್ವರ್ಟರ್ ಮೇಲೆ ವಾಟರ್ ಬಾತ್ ಹಾಕಿದರೆ ಸೆಲ್ ಕೌಂಟರ್ ನಿಲ್ಲುತ್ತದೆ. ಕಡೆಗೆ ಒಲಿದದ್ದು ಚಹಾ ತರುವ ಥರ್ಮಾಸ್ ಫ್ಲಾಸ್ಕ್, ಅಗಲ ಬಾಯಿಯದು, ಏಳುನೂರು ರೂಪಾಯಿ ಇರಬೇಕು. 38 ಡಿಗ್ರಿಯ ನೀರು ತುಂಬಿ, ಟ್ಯೂಬನ್ನು ದಾರ ಕಟ್ಟಿ ಇಳಿಬಿಟ್ಟು, ಬೂಚು ಹಾಕಿದರೆ ಅರ್ಧ ಗಂಟೆಯಲ್ಲಿ ಒಂದು ಡಿಗ್ರಿ ಕೂಡ ಇಳಿಯುವುದಿಲ್ಲ. ಇದನ್ನು ನೋಡಿ ನಕ್ಕವರಲ್ಲಿ ಇಬ್ಬರು ಈಗ ಫ್ಲಾಸ್ಕ್ ಇಟ್ಟಿದ್ದಾರೆ.

ರಕ್ತ, ಡೈ ಸಮ ಪಾಲು ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ನಮ್ಮಲ್ಲಿ ಬರುವವರ ಹಿಮೋಗ್ಲೋಬಿನ್ ಆರು, ಏಳು. ಅವರ ರಕ್ತ ಜಾಸ್ತಿ ಹಾಕಬೇಕು, ಇಲ್ಲದಿದ್ದರೆ ಸ್ಲೈಡ್ ಮೇಲೆ ತೆಳ್ಳಗೆ ಎಳೆದ ಪದರದಲ್ಲಿ, ಅಂದರೆ ಸ್ಮಿಯರ್‌ನಲ್ಲಿ ಸೆಲ್‌ಗಳನ್ನು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಸ್ಮಿಯರ್ ಎಳೆಯುವ ಮುಂಚೆ ಟ್ಯೂಬನ್ನು ಮೆಲ್ಲಗೆ ಆಡಿಸಿ. ರೆಟಿಕ್ ಹಗುರ, ಮೇಲೆ ಬಂದು ಕೂರುತ್ತದೆ. ಮೇಲಿನದೇ ಹನಿ ತೆಗೆದರೆ ಎಲ್ಲರಿಗೂ ರಕ್ತ ಚೆನ್ನಾಗಿ ಹುಟ್ಟುತ್ತಿದೆ ಎಂದು ರಿಪೋರ್ಟ್ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಒಣಗಿಸುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಸ್ಮಿಯರ್ ಹೇಗೆ ಒಣಗೀತು? ನಿಧಾನವಾಗಿ ಒಣಗಿದ ಸ್ಮಿಯರ್‌ನಲ್ಲಿ ಸೆಲ್ ಮೇಲೆ ಹೊಳೆಯುವ ಗುಳ್ಳೆಗಳು ಬರುತ್ತವೆ. ಹೊಸಬರು ಅದನ್ನೂ ರೆಟಿಕ್ ಎಂದು ಎಣಿಸಿಬಿಡುತ್ತಾರೆ. ಫೈನ್ ಫೋಕಸ್ ಮೇಲೆ ಕೆಳಗೆ ಆಡಿಸಿ ನೋಡಿ: ಗುಳ್ಳೆ ಮಿಂಚುತ್ತದೆ, ಜಾಲ ಮಿಂಚುವುದಿಲ್ಲ, ನೀಲಿಯಾಗಿಯೇ ಇರುತ್ತದೆ. ಹೇರ್ ಡ್ರೈಯರ್ ಹಿಡಿದೆ, ಸೆಲ್ ಸುರುಟಿಕೊಂಡವು. ಫ್ಯಾನ್ ಹಾಕಿದೆ, ಒದ್ದೆ ಗಾಳಿಯೇ ತಿರುಗಿತು. ಕೊನೆಗೆ ಬಡಗಿಯ ಹತ್ತಿರ ಒಂದು ಮರದ ಪೆಟ್ಟಿಗೆ ಮಾಡಿಸಿ ಒಳಗೆ 40 ವಾಟ್‌ನ ಹಳೇ ಬಲ್ಬ್ ಹಾಕಿದೆ. ಸ್ಲೈಡನ್ನು ಮುಂಚೆಯೇ ಅದರೊಳಗೆ ಬೆಚ್ಚಗೆ ಮಾಡಿ, ತೆಳ್ಳಗೆ ಎಳೆದು, ತಕ್ಷಣ ವಾಪಸ್ ಇಡುತ್ತೇನೆ. ಎಳೆಯುವ ಮುಂಚೆ ಇನ್ನೊಂದು ಸಣ್ಣ ಕೆಲಸ ಇದೆ, ಅದನ್ನು ಹೇಳುವುದಿಲ್ಲ. ಲ್ಯಾಬಿಗೆ ಬಂದು ಕಾಫಿ ಕುಡಿದರೆ ತೋರಿಸುತ್ತೇನೆ. ಪೆಟ್ಟಿಗೆಗೆ ಒಟ್ಟು ಐನೂರು ಆಗಿರಬಹುದು. ಮೈಕ್ರೋಸ್ಕೋಪ್ ಲೆನ್ಸಿಗೆ ಫಂಗಸ್ ಹಿಡಿಯುವುದೂ ನಿಂತಿತು, ಯಾಕೆಂದರೆ ರಾತ್ರಿ ಆಬ್ಜೆಕ್ಟಿವ್‌ಗಳು ಮಲಗುವುದು ಅದರೊಳಗೇ.

ಇನ್ನು ಎಣಿಕೆ. ಸಾವಿರ ಸೆಲ್ ಎಣಿಸಿದರೆ ಆಯಿತು ಎನ್ನುವವರು ಈ ಲೆಕ್ಕ ನೋಡಿ. ರೆಟಿಕ್ 1 ಪರ್ಸೆಂಟ್ ಇದ್ದರೆ ಸಾವಿರಕ್ಕೆ ಸಿಗುವುದು ಹತ್ತು. ಬರೀ ಅದೃಷ್ಟದ ಮೇಲೆ ಅದು ಐದೂ ಆಗಬಹುದು, ಹದಿನೈದೂ ಆಗಬಹುದು. ಅಂದರೆ ಅರ್ಧವೂ ಸರಿ, ಒಂದೂವರೆಯೂ ಸರಿ. ಮಿಲ್ಲರ್ ಡಿಸ್ಕ್, ಅಂದರೆ ಮೈಕ್ರೋಸ್ಕೋಪ್ ಐಪೀಸ್ ಒಳಗೆ ಇಡುವ ಚೌಕದ ಗೆರೆಗಳಿರುವ ಗಾಜಿನ ಬಿಲ್ಲೆ, ಇಲ್ಲದೆ ಇದು ಸರಿಹೋಗುವುದಿಲ್ಲ. ಮೊದಲು ಅಗ್ಗದ ದಾರಿ ಹಿಡಿದೆ. ಡಿಟಿಪಿ ಅಂಗಡಿಯಲ್ಲಿ ಪಾರದರ್ಶಕ ಹಾಳೆಯ ಮೇಲೆ ದೊಡ್ಡ ಚೌಕ, ಅದರೊಳಗೆ ಒಂಬತ್ತನೇ ಒಂದು ಪಾಲಿನ ಚಿಕ್ಕ ಚೌಕ ಪ್ರಿಂಟ್ ಮಾಡಿಸಿ, ಕತ್ತರಿಸಿ ಐಪೀಸ್ ಒಳಗೆ ಇಟ್ಟೆ. ಗೆರೆ ಹಗ್ಗದಷ್ಟು ದಪ್ಪ ಕಂಡಿತು, ಇಂಕು ಉದುರಿತು. ಕಪ್ಪು ಕಾಗದಕ್ಕೆ ತೂತು ಮಾಡಿ ಹಾಕಿದ್ದು ಪರವಾಗಿಲ್ಲ, ಫೀಲ್ಡ್ ಚಿಕ್ಕದಾಗಿ ಕಣ್ಣಿಗೆ ಆರಾಮ. ದುಡ್ಡಿಲ್ಲದವರು ಅಲ್ಲಿಂದಲೇ ಶುರು ಮಾಡಿ. ಕಡೆಗೆ ಅಸಲಿ ಡಿಸ್ಕ್‌ಗೆ ಮೂರು ಸಾವಿರದ ಆಸುಪಾಸು ಕೊಟ್ಟೆ. ಬಂದದ್ದು 21 ಮಿಲಿಮೀಟರ್, ನಾನು ಬರೆದು ಕೊಟ್ಟಿದ್ದು 19. ಬದಲಿಸಲು ಮತ್ತೆ ಕೊರಿಯರ್, ಮತ್ತೆ ಜಗಳ.

ದೊಡ್ಡ ಚೌಕದಲ್ಲಿ ರೆಟಿಕ್, ಚಿಕ್ಕ ಚೌಕದಲ್ಲಿ ಕೆಂಪು ಕಣ. ಚಿಕ್ಕದರಲ್ಲಿ ಐನೂರು ಎಣಿಸಿದರೆ ನಾಲ್ಕೂವರೆ ಸಾವಿರ ನೋಡಿದ ಹಾಗೆ. ಕೀ ಒತ್ತಿ ಕಣ ಲೆಕ್ಕ ಹಾಕುವ ಡಿಸಿ ಕೌಂಟರ್‌ನ ಎರಡು ಕೀ ಸಾಕು. ಚಿಕ್ಕ ಚೌಕದೊಳಗೆ ಬಿದ್ದ ರೆಟಿಕ್‌ಗೆ ಎರಡೂ ಕೀ ಒತ್ತಬೇಕು. ಒಂದು ಸ್ಲೈಡಿಗೆ ಹತ್ತು ಹನ್ನೆರಡು ನಿಮಿಷ. ಬಂದ ಪರ್ಸೆಂಟನ್ನು ಸೆಲ್ ಕೌಂಟರ್‌ನ ಆರ್‌ಬಿಸಿಗೆ (ಕೆಂಪು ಕಣದ ಸಂಖ್ಯೆ) ಗುಣಿಸಿ ಅಬ್ಸೊಲ್ಯೂಟ್ ಕೌಂಟನ್ನೂ, ಅಂದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ರೆಟಿಕ್ ಎಷ್ಟಿವೆ ಎಂಬುದನ್ನೂ ಬರೆಯುತ್ತೇನೆ. ಬರೀ ಪರ್ಸೆಂಟ್ ಕೊಟ್ಟರೆ ರಕ್ತ ಕಡಿಮೆ ಇರುವವರಲ್ಲಿ ಅದು ಸುಳ್ಳು ಹೇಳುತ್ತದೆ.

ಇಷ್ಟಾದ ಮೇಲೆ ಪರೀಕ್ಷೆ. ಸುಮಾರು ಇಪ್ಪತ್ತು, ಇಪ್ಪತ್ತೈದು ಸ್ಯಾಂಪಲ್ ತೆಗೆದು, ಪ್ರತಿಯೊಂದನ್ನೂ ಎರಡು ಪಾಲು ಮಾಡಿ, ಒಂದು ಪಾಲು ನಾನು ಎಣಿಸಿ, ಇನ್ನೊಂದನ್ನು ಐಸ್ ಡಬ್ಬಿಯಲ್ಲಿ ಹೆಂಡತಿಯ ತಮ್ಮನ ಕಾರಿನಲ್ಲಿ ಬೆಳಿಗ್ಗೆಯೇ ಮಂಗಳೂರಿಗೆ ಕಳಿಸಿದೆ. ಅಲ್ಲಿನ ಲೇಸರ್ ಮೆಷಿನ್ ಒಂದು ಸ್ಯಾಂಪಲ್‌ಗೆ ಹತ್ತಾರು ಸಾವಿರ ಸೆಲ್ ನೋಡುತ್ತದೆ, ಅದರ ಜೊತೆ ಪಂದ್ಯ ಕಟ್ಟಲು ಆಗುವುದಿಲ್ಲ. ಆದರೂ ಎರಡೋ ಮೂರೋ ಬಿಟ್ಟರೆ ಉಳಿದೆಲ್ಲ ಅರ್ಧ ಪರ್ಸೆಂಟ್ ಒಳಗೇ ಇದ್ದವು. ಒಂದರಲ್ಲಿ ಮೆಷಿನ್ ಜಾಸ್ತಿ ತೋರಿಸಿತ್ತು. ಸ್ಲೈಡ್ ನೋಡಿದರೆ ಮಲೇರಿಯಾ ಪ್ಯಾರಾಸೈಟ್. ಮೆಷಿನ್ನಿನ ಡೈ ಅದಕ್ಕೂ ಹತ್ತುತ್ತದೆ. ಗೆಳೆಯ ಆಮೇಲೆ ನಗಲಿಲ್ಲ.

ಡಾಕ್ಟರು ಒಪ್ಪಿದ್ದು ಈ ಲೆಕ್ಕಕ್ಕಲ್ಲ. ಸುಂಟಿಕೊಪ್ಪ ಕಡೆಯ ತೋಟದ ಹೆಂಗಸೊಬ್ಬರಿಗೆ ಹಿಮೋಗ್ಲೋಬಿನ್ ಆರು. ಕಬ್ಬಿಣದ ಮಾತ್ರೆ ಶುರು ಮಾಡಿದ ದಿನ ರೆಟಿಕ್ 1 ಪರ್ಸೆಂಟ್, ಎಂಟನೇ ದಿನ ಏಳರ ಹತ್ತಿರ. ಹಿಮೋಗ್ಲೋಬಿನ್ ಏರುವುದು ಕಾಣಲು ಎರಡು ಮೂರು ವಾರ ಬೇಕು. ರೆಟಿಕ್ ವಾರದಲ್ಲೇ ಹೇಳಿತು. ರಕ್ತ ಹಾಕುವ ಮಾತು ಅಲ್ಲಿಗೇ ನಿಂತಿತು.

ಈಗ ಜಾಸ್ತಿ ಬರುವುದು ಸಿಕಲ್ ಸೆಲ್‌ನವರು, ಅಂದರೆ ಕೆಂಪು ಕಣ ಕುಡುಗೋಲಿನಂತೆ ಬಾಗಿ ಬೇಗ ಒಡೆಯುವ, ಹುಟ್ಟಿನಿಂದ ಬರುವ ಕಾಯಿಲೆಯವರು. 2023ರ ಜುಲೈನಲ್ಲಿ ಕೇಂದ್ರದ ಸಿಕಲ್ ಸೆಲ್ ಮಿಷನ್ ಶುರುವಾಯಿತಲ್ಲ, ಆಮೇಲೆ ಆದಿವಾಸಿ ಹಾಡಿಗಳ ಕಡೆಯಿಂದ ಜೇನು ಕುರುಬರು, ಯರವರು ಫಾಲೋ ಅಪ್‌ಗೆ ಬರುತ್ತಾರೆ. ಅವರಲ್ಲಿ ರೆಟಿಕ್ ಹತ್ತು ಪರ್ಸೆಂಟ್ ದಾಟಿದರೂ ಗಾಬರಿ ಇಲ್ಲ. ಇಳಿದರೆ ಗಾಬರಿ. ಈ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಯೂರಿಯಾ ತೆಗೆದುಕೊಳ್ಳುವವರಲ್ಲಿ ಹಿಮೋಗ್ಲೋಬಿನ್ 9ಕ್ಕಿಂತ ಕಡಿಮೆಯಿದ್ದು, ಅಬ್ಸೊಲ್ಯೂಟ್ ಕೌಂಟ್ 80,000ಕ್ಕಿಂತ ಕೆಳಗೆ ಬಂದರೆ ನಾನು ರಿಪೋರ್ಟ್ ಟೈಪ್ ಮಾಡುವ ಮುಂಚೆ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಔಷಧಿ ನಿಲ್ಲಿಸಬೇಕೋ ಬೇಡವೋ ಅವರು ನೋಡಿಕೊಳ್ಳುತ್ತಾರೆ. ಮಜ್ಜೆಯಲ್ಲಿ ಕೆಂಪು ಕಣ ಹುಟ್ಟುವುದನ್ನು ತಡೆಯುವ ಪಾರ್ವೊ ವೈರಸ್ ತಗುಲಿದರೆ ರೆಟಿಕ್ ಸೊನ್ನೆಯ ಹತ್ತಿರಕ್ಕೇ ಇಳಿಯುತ್ತದೆ. ಅಂಥ ಸ್ಯಾಂಪಲ್ ಬಸ್ಸಿನಲ್ಲಿ ಒಂದು ದಿನ ತಿರುಗಾಡಿ ಬಂದರೆ ಏನು ಪ್ರಯೋಜನ?

ನಡುವೆ ಒಂದು ತಮಾಷೆ. ಪಕ್ಕದ ವೆಟರ್ನರಿ ಡಾಕ್ಟರು ಉಣ್ಣಿ ಜ್ವರದ (ಟಿಕ್ ಫೀವರ್) ನಾಯಿಯ ರಕ್ತ ತಂದರು. ನಮ್ಮ ಎಸ್ಟೇಟ್ ನಾಯಿಗಳಿಗೆ ಅದು ಬಿಡದ ಕಾಯಿಲೆ. ಅದೇ ಡೈ, ಅದೇ ಫ್ಲಾಸ್ಕ್, ರೆಟಿಕ್ ಚೆನ್ನಾಗಿ ಕಂಡವು. ಬೆಕ್ಕಿನದು ಬೇರೆ ಲೆಕ್ಕ. ಅದರಲ್ಲಿ ಗಂಟುಗಂಟಾಗಿ ಕಾಣುವವು ಒಂದು ಜಾತಿ, ಬಿಡಿ ಚುಕ್ಕೆಯವು ಇನ್ನೊಂದು. ಹೊಸದಾಗಿ ಬಂದವು ಗಂಟಿನವು, ಅವನ್ನೇ ಎಣಿಸಬೇಕು. ಕುದುರೆಗೂ ಮಾಡಿಕೊಡಿ ಎಂದು ಒಬ್ಬರು ಕೇಳಿದರು. ಕುದುರೆ ಎಷ್ಟು ರಕ್ತ ಕಳೆದುಕೊಂಡರೂ ರೆಟಿಕ್ ಹೊರಗೆ ಬಿಡುವುದು ತೀರಾ ಅಪರೂಪ. ದುಡ್ಡು ತೆಗೆದುಕೊಳ್ಳದೆ ವಾಪಸ್ ಕಳಿಸಿದೆ.

ಖರ್ಚು ಕೇಳುತ್ತೀರಿ. ಡೈ, ಸ್ಲೈಡ್, ಆಯಿಲ್ ಎಲ್ಲ ಸೇರಿ ಒಂದು ಟೆಸ್ಟಿಗೆ ಹದಿನೈದು ಇಪ್ಪತ್ತು ರೂಪಾಯಿ. ನಾನು ನೂರೈವತ್ತು ತೆಗೆದುಕೊಳ್ಳುತ್ತೇನೆ, ಹಾಡಿಯವರಿಗೆ ಐವತ್ತು. ಹತ್ತು ನಿಮಿಷ ಕಣ್ಣು ಕೀಳುವ ಕೂಲಿ ಅದರಲ್ಲೇ ಸೇರಿದೆ. ದಿನಕ್ಕೆ ಐದಾರಕ್ಕಿಂತ ಜಾಸ್ತಿ ಒಪ್ಪಿಕೊಳ್ಳುವುದಿಲ್ಲ, ಏಳನೆಯದರಲ್ಲಿ ನನ್ನ ಕಣ್ಣನ್ನು ನಾನೇ ನಂಬುವುದಿಲ್ಲ. ಸದ್ಯ ಡೈಯನ್ನು ಸ್ಲೈಡ್ ಮೇಲೆ ಮೊದಲೇ ಒಣಗಿಸಿಟ್ಟು ಕ್ಯಾಂಪಿಗೆ ಒಯ್ಯುವ ಪ್ರಯೋಗ ನಡೆದಿದೆ. ಬೇಸಿಗೆಯಲ್ಲಿ ಚೆನ್ನಾಗಿ ಬಂತು. ಮಳೆಯಲ್ಲಿ ಡೈ ತೇವ ಎಳೆದುಕೊಂಡು ಹಾಳಾಗುತ್ತಿದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಪೊಟ್ಟಣ ತರಿಸಿದ್ದೇನೆ.