ಹಳೇ ಗಾಡಿ ಎಸಿಗೆ 134ಎ ಹಾಕಿಸುವಾಗ ತೂಕ ನೋಡಿ, ಗುಳ್ಳೆ ನೋಡಬೇಡಿ

ಕಾಂಟೆಸ್ಸಾ, 118 ಎನ್‌ಇ ತರಹದ ಹಳೇ ಗಾಡಿಗೆ ಆರ್-12 ಎಂಬ ಹಳೇ ಎಸಿ ಗ್ಯಾಸ್ ಬದಲು ಆರ್-134ಎ ಗ್ಯಾಸ್ ಹಾಕಿಸುವವರು ಸಿಲಿಂಡರನ್ನು ಡಿಜಿಟಲ್ ತಕ್ಕಡಿ ಮೇಲಿಟ್ಟು, ಮೊದಲು ಹಿಡಿಯುತ್ತಿದ್ದ ತೂಕದ ಶೇ. 80ರಷ್ಟು ಮಾತ್ರ ತುಂಬಿಸಿ. ಒಂದು ಕೆಜಿ ಆರ್-12 ಹಿಡಿಯುತ್ತಿದ್ದರೆ 800 ಗ್ರಾಂ ಸಾಕು. ಗ್ಯಾಸಿನ ತೇವ ಹೀರುವ ಡ್ರೈಯರ್ ತಲೆಯ ಮೇಲಿನ ಪುಟ್ಟ ಗಾಜಿನಲ್ಲಿ ಗುಳ್ಳೆ ನಿಲ್ಲುವವರೆಗೂ ಗ್ಯಾಸ್ ಬಿಡುವುದು ಆರ್-12 ಕಾಲದ ಪದ್ಧತಿ. 134ಎ ಸರಿಯಾಗಿ ತುಂಬಿದಾಗಲೂ ಅಲ್ಲಿ ಗುಳ್ಳೆ, ಹಾಲಿನಂಥ ಮಬ್ಬು ಕಾಣಬಹುದು. ಅದನ್ನು ನಂಬಿ ಇನ್ನಷ್ಟು ಬಿಟ್ಟರೆ ಹೈ ಸೈಡ್ (ಕಂಪ್ರೆಸರ್‌ನಿಂದ ಗ್ಯಾಸ್ ಹೊರಬರುವ ಕಡೆ) ಪ್ರೆಶರ್ ಏರಿ ತಂಪು ಕಡಿಮೆಯಾಗುತ್ತದೆ, ಕಂಪ್ರೆಸರ್‌ಗೂ ಪೆಟ್ಟು. ಇನ್ನೊಂದು ಮಾತು, ಇದನ್ನು ದಯವಿಟ್ಟು ಬಿಡಬೇಡಿ: ಹಳೇ ಮಿನರಲ್ ಆಯಿಲ್ 134ಎ ಜೊತೆ ಬೆರೆಯುವುದಿಲ್ಲ, ಹಾಗಾಗಿ ಆಯಿಲ್ ವಾಪಸ್ ಬರದೆ ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ. ಹಳೆಯದನ್ನು ಬಸಿದು ಎಸ್ಟರ್ ಆಯಿಲ್ ಹಾಕಿಸಿ, ಡ್ರೈಯರ್ ಮತ್ತು ಓ-ರಿಂಗ್ (ಜೋಡಣೆಗಳ ರಬ್ಬರ್ ಬಳೆ) ಹೊಸದು ಹಾಕಿಸಿ, ಒಳಗಿನ ಗಾಳಿ, ತೇವ ಹೋಗಲು ಮುಕ್ಕಾಲು ಗಂಟೆಯಾದರೂ ವ್ಯಾಕ್ಯೂಮ್ ಎಳೆಸಿ. ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್ ಬದಲಾಗಿದ್ದರೆ ಅಥವಾ ಬಾನೆಟ್ ಅಡಿಯ, ಗ್ಯಾಸ್ ತೂಕ ಬರೆದ ಸ್ಟಿಕ್ಕರ್ ಅಳಿಸಿಹೋಗಿದ್ದರೆ ಈ ಶೇ. 80ರ ಲೆಕ್ಕ ನಡೆಯುವುದಿಲ್ಲ. ಆಗ ಕಡಿಮೆಯಿಂದ ಶುರುಮಾಡಿ, ಗೇಜನ್ನೂ ಎಸಿ ಕಿಂಡಿಗೆ ಸಿಕ್ಕಿಸಿದ ಥರ್ಮಾಮೀಟರನ್ನೂ ನೋಡುತ್ತಾ 50 ಗ್ರಾಂನಂತೆ ಏರಿಸಿ. ಹಳೇ ಸಣ್ಣ ಕಂಡೆನ್ಸರ್ ಇದ್ದರೆ ತೂಕ ಸರಿಯಿದ್ದರೂ ಸಿಗ್ನಲ್‌ನಲ್ಲಿ ನಿಂತಾಗ ತಂಪು ಇಳಿಯಬಹುದು. ಅದಕ್ಕೆ ಮುಂದೆ ಒಂದು ಎಲೆಕ್ಟ್ರಿಕ್ ಫ್ಯಾನ್ ಬೇಕು, ಹೆಚ್ಚು ಗ್ಯಾಸ್ ಅಲ್ಲ. ಉಳಿದ ಆರ್-12 ಅನ್ನು ಗಾಳಿಗೆ ಬಿಡಿಸಬೇಡಿ, ಓಝೋನ್ ಪದರ ತಿನ್ನುವುದು ಅದೇ. ಗ್ಯಾಸ್ ಹಿಡಿದಿಡುವ ರಿಕವರಿ ಮೆಷಿನ್ ಇರುವ ಕಡೆಯೇ ತೆಗೆಸಿ.