ಬ್ರಿಟನ್‌ಗೆ ನರ್ಸ್ ಆಗಿ ಹೋಗುವುದು ಹೇಗೆ? ಮೊದಲು ನಿಮ್ಮ ಹೆಸರು ಸರಿಪಡಿಸಿಕೊಳ್ಳಿ

ಕಳೆದ ಸಲ ಬ್ರಿಟನ್ನಿನಿಂದ ರಜೆಗೆ ಊರಿಗೆ ಬಂದಿದ್ದಾಗ ನಾನು ಓದಿದ ಕಾಲೇಜಿನ ಕಿರಿಯಳೊಬ್ಬಳು ಫೈಲು ಹಿಡಿದುಕೊಂಡು ಮನೆಗೆ ಬಂದಳು. ಇಂಗ್ಲಿಷ್ ಪರೀಕ್ಷೆ ಪಾಸಾಗಿತ್ತು, ಕಂಪ್ಯೂಟರ್ ಪರೀಕ್ಷೆಯೂ ಪಾಸಾಗಿತ್ತು. ಆದರೂ ಎಂಟು ತಿಂಗಳಿಂದ ಅರ್ಜಿ ಇದ್ದಲ್ಲೇ ಇತ್ತು. ಕಾರಣ, ಅವಳ ಹೆಸರಿನ ಜೊತೆಗಿದ್ದ ಎರಡು ಇನಿಷಿಯಲ್. ಅವಳ ನಂತರ ಇನ್ನೂ ನಾಲ್ಕು ಮಂದಿ ಬಂದರು. ನಾಲ್ವರಲ್ಲಿ ಮೂವರ ಗೋಳು ಅದೇ. ಓದಿನಲ್ಲಿ ಹಿಂದೆ ಬಿದ್ದವರು ಇವರಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರೂ ಕಾಗದ ಪತ್ರದಲ್ಲಿ ಎಡವಿದವರು. ಅದಕ್ಕಾಗಿಯೇ ಈ ಲೇಖನ.

ಇದು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಂಡವರಿಗೆ. ಎಎನ್‌ಎಂ, ಅಂದರೆ ಸಹಾಯಕ ನರ್ಸ್ ತರಬೇತಿ, ಈ ದಾರಿಗೆ ಸಾಲದು. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಬ್ರಿಟನ್ನಿನ ಆಸ್ಪತ್ರೆಗಳು ಕೋವಿಡ್ ನಂತರದ ಎರಡು ಮೂರು ವರ್ಷ ಕೈತುಂಬ ನೇಮಿಸಿಕೊಂಡ ಹಾಗೆ ಈಗ ಹೊರದೇಶದ ನರ್ಸ್‌ಗಳನ್ನು ಕರೆಸಿಕೊಳ್ಳುತ್ತಿಲ್ಲ. ಆಪರೇಷನ್ ಥಿಯೇಟರ್, ಐಸಿಯು, ಡಯಾಲಿಸಿಸ್‌ನಂಥ ವಿಭಾಗದ ಅನುಭವ ಇದ್ದರೆ ಒಳ್ಳೆಯದು. ಈಗಿರುವ ಕೆಲಸಕ್ಕೆ ರಾಜೀನಾಮೆ ಕೊಟ್ಟು ಈ ತಯಾರಿಗೆ ಕೂರಬೇಡಿ.

ಮೊದಲ ಹಂತ: ಹೆಸರು

ನಮ್ಮ ಕಡೆಯ ಹೆಸರುಗಳ ರೀತಿಯೇ ಬೇರೆ. ಊರಿನ ಹೆಸರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ ನಮ್ಮ ಹೆಸರಿನ ಹಿಂದೋ ಮುಂದೋ ಇರುತ್ತವೆ. ಉದಾಹರಣೆಗೆ ಕಾವ್ಯ ಎಚ್. ಆರ್. ಎಂದಿಟ್ಟುಕೊಳ್ಳಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೀಗೇ ಇರುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಹಾಕುವಂತಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಅಲ್ಲಿ ಅವಳು ಹೊಳಲ್ಕೆರೆ ರುದ್ರಪ್ಪ ಕಾವ್ಯ. ನರ್ಸಿಂಗ್ ಡಿಪ್ಲೊಮಾದಲ್ಲಿ ಎಚ್. ಆರ್. ಕಾವ್ಯ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರೂ ಸೇರಿಕೊಂಡಿದೆ. ನಮ್ಮ ಕಣ್ಣಿಗೆ ಇವಳು ಒಬ್ಬಳೇ ಹುಡುಗಿ. ಲಂಡನ್ನಿನಲ್ಲಿ ಅರ್ಜಿ ನೋಡುವವರಿಗೆ ನಾಲ್ಕು ಜನ.

ಹಾಗಾಗಿ ಯಾವ ಪರೀಕ್ಷೆಗೂ ದುಡ್ಡು ಕಟ್ಟುವ ಮೊದಲು ಒಂದು ಭಾನುವಾರ ಬಿಡುವು ಮಾಡಿಕೊಂಡು ಕುಳಿತುಕೊಳ್ಳಿ. ಉದ್ದನೆಯ ಹಾಳೆಯಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ, ನರ್ಸಿಂಗ್ ಅಂಕಪಟ್ಟಿ, ಡಿಪ್ಲೊಮಾ ಅಥವಾ ಪದವಿ, ಕೌನ್ಸಿಲ್ ನೋಂದಣಿ, ಆಧಾರ್, ಪಾಸ್‌ಪೋರ್ಟ್, ಮದುವೆ ನೋಂದಣಿ, ಕೆಲಸದ ಅನುಭವದ ಪತ್ರ ಎಂದು ಒಂದರ ಕೆಳಗೊಂದು ಬರೆಯಿರಿ. ಪ್ರತಿಯೊಂದರ ಮುಂದೆ ಅದರಲ್ಲಿರುವ ಹೆಸರನ್ನು ಇಂಗ್ಲಿಷಿನಲ್ಲಿ ಇದ್ದದ್ದು ಇದ್ದ ಹಾಗೆ ಇಳಿಸಿ. ಚುಕ್ಕಿ ಇದ್ದರೆ ಚುಕ್ಕಿ, ಜಾಗ ಬಿಟ್ಟಿದ್ದರೆ ಜಾಗ. ಶ್ರೀದೇವಿಯಲ್ಲಿ ಎರಡು ‘ಇ’ ಇದೆಯೋ ಒಂದು ‘ಐ’ ಇದೆಯೋ ಬೆರಳಿಟ್ಟು ನೋಡಿ. ಪಕ್ಕದಲ್ಲಿ ಹುಟ್ಟಿದ ದಿನಾಂಕ, ಅದರ ಪಕ್ಕದಲ್ಲಿ ತಂದೆಯ ಹೆಸರು. ನನ್ನ ಕಿರಿಯಳ ಹಾಳೆಯಲ್ಲಿ ಒಂಬತ್ತು ಸಾಲಿತ್ತು, ಐದು ಬಗೆಯ ಹೆಸರಿತ್ತು. ಅವಳು ಅದನ್ನು ನೋಡಿ ಅತ್ತೇಬಿಟ್ಟಳು.

ಬೇರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಬೇಕು. ವ್ಯತ್ಯಾಸ ಇನಿಷಿಯಲ್ ಬಿಡಿಸಿ ಬರೆದದ್ದಷ್ಟೇ ಆಗಿದ್ದರೆ, ‘ಈ ಎರಡೂ ಹೆಸರಿನ ವ್ಯಕ್ತಿ ನಾನೇ’ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, ಇಂಗ್ಲಿಷಿನಲ್ಲಿಯೇ ಮಾಡಿಸಿ, ಜೊತೆಗಿಟ್ಟುಕೊಳ್ಳಿ. ಅಕ್ಷರವೇ ತಪ್ಪಿದ್ದರೆ ಅಥವಾ ಹುಟ್ಟಿದ ದಿನಾಂಕ ಬೇರೆ ಇದ್ದರೆ ಅಫಿಡವಿಟ್ ನಂಬಿ ಕೂರಬೇಡಿ. ಆ ದಾಖಲೆಯನ್ನೇ ತಿದ್ದಿಸಿ. ಶಾಲೆಯ ಮೂಲಕ ಪರೀಕ್ಷಾ ಮಂಡಲಿ, ಕಾಲೇಜಿನ ಮೂಲಕ ವಿಶ್ವವಿದ್ಯಾಲಯ ಅಥವಾ ಡಿಪ್ಲೊಮಾ ಪರೀಕ್ಷಾ ಮಂಡಳಿ, ಕೊನೆಗೆ ಕೌನ್ಸಿಲ್. ಈ ಅನುಕ್ರಮ ತಪ್ಪಿಸಬೇಡಿ. ಪದವಿಯಲ್ಲಿರುವ ತಪ್ಪನ್ನು ಹಾಗೇ ಬಿಟ್ಟು ಕೌನ್ಸಿಲ್‌ನಲ್ಲಿ ತಿದ್ದಿಸಲು ಹೋದರೆ ಬಂದ ದಾರಿಯಲ್ಲೇ ವಾಪಸು ಕಳಿಸುತ್ತಾರೆ.

ಮದುವೆ ಗೊತ್ತಾಗಿರುವ ಹುಡುಗಿಯರಿಗೆ ನನ್ನದು ಖಡಾಖಂಡಿತ ಸಲಹೆ: ಈ ಕೆಲಸ ಮುಗಿಯುವ ತನಕ ಹೆಸರು ಬದಲಾಯಿಸಬೇಡಿ. ಪಾಸ್‌ಪೋರ್ಟ್‌ನಲ್ಲಿ ಗಂಡನ ಹೆಸರು ಸೇರಿಸಿಕೊಳ್ಳುವುದು ಬೇರೆ, ನಿಮ್ಮ ಹೆಸರನ್ನೇ ಮಾರ್ಪಡಿಸುವುದು ಬೇರೆ. ಮನೆಯ ಹಿರಿಯರು ಬೇಸರಪಟ್ಟುಕೊಂಡರೆ ಈ ಲೇಖನವನ್ನು ಅವರಿಗೆ ಓದಿ ಹೇಳಿ.

ಎರಡನೆಯ ಹಂತ: ಕೌನ್ಸಿಲ್

ನಿಮ್ಮ ನೋಂದಣಿ ಚಾಲ್ತಿಯಲ್ಲಿದೆಯೇ, ನವೀಕರಣದ ದಿನಾಂಕ ದಾಟಿದೆಯೇ ನೋಡಿ. ಬೇರೆ ರಾಜ್ಯದಲ್ಲಿ ಅಥವಾ ಗಲ್ಫ್‌ನಲ್ಲಿ ಕೆಲಸ ಮಾಡಿದ್ದರೆ ಅಲ್ಲಿನ ನೋಂದಣಿಯ ಕಾಗದವನ್ನೂ ಹುಡುಕಿಟ್ಟುಕೊಳ್ಳಿ, ಅದನ್ನೂ ಕೇಳುತ್ತಾರೆ. ಬ್ರಿಟನ್ನಿನಲ್ಲಿ ನರ್ಸ್‌ಗಳಿಗೆ ಪರವಾನಗಿ ಕೊಡುವುದು ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಎನ್‌ಎಂಸಿ. ನಮ್ಮ ದೇಶದ ವೈದ್ಯಕೀಯ ಆಯೋಗಕ್ಕೂ ಇದೇ ಮೂರಕ್ಷರ ಇರುವುದರಿಂದ ಗೂಗಲ್‌ನಲ್ಲಿ ಹುಡುಕುವಾಗ ಗೊಂದಲವಾಗುತ್ತದೆ, ಜೋಪಾನ. ನಿಮ್ಮ ನೋಂದಣಿ ನಿಜವೆಂದು ದೃಢಪಡಿಸುವ ಪತ್ರ ಇಲ್ಲಿನ ಕೌನ್ಸಿಲ್‌ನಿಂದ ನೇರವಾಗಿ ಎನ್‌ಎಂಸಿಗೆ ಹೋಗಬೇಕು. ನೀವು ಕೈಯಲ್ಲಿ ಒಯ್ದು ಕಳಿಸಿದರೆ ನಡೆಯುವುದಿಲ್ಲ. ಅರ್ಜಿ ಕೊಟ್ಟ ದಿನದ ರಸೀದಿಯ ಫೋಟೊ ತೆಗೆದಿಟ್ಟುಕೊಳ್ಳಿ, ಎರಡು ವಾರಕ್ಕೊಮ್ಮೆ ವಿಚಾರಿಸಿ. ಬೆಂಗಳೂರಿಗೆ ಹೋಗಿ ಖುದ್ದಾಗಿ ಕೇಳುವುದರಿಂದ ಆಗುವ ಕೆಲಸ ಫೋನಿನಲ್ಲಿ ಆಗುವುದಿಲ್ಲ ಎಂಬುದು ನನ್ನ ಅನುಭವ.

ಇಲ್ಲಿ ಒಂದು ಮಾತು. ಮೂಲ ಪ್ರಮಾಣಪತ್ರಗಳನ್ನು ಏಜೆಂಟ್ ಕೈಗೆ, ಕೋಚಿಂಗ್ ಕೇಂದ್ರದ ಕೈಗೆ, ಯಾರ ಕೈಗೂ ಕೊಟ್ಟು ಬರಬೇಡಿ. ನನ್ನ ಜೊತೆ ಒಂದೇ ವಾರ್ಡಿನಲ್ಲಿದ್ದ ಗೆಳತಿಯೊಬ್ಬಳು ‘ಪರಿಶೀಲನೆಗೆ’ ಎಂದು ಕೊಟ್ಟ ಅಂಕಪಟ್ಟಿಗಳನ್ನು ಬಿಡಿಸಿಕೊಳ್ಳಲು ಅರವತ್ತು ಸಾವಿರ ರೂಪಾಯಿ ತೆತ್ತಳು. ಸ್ಕ್ಯಾನ್ ಮಾಡಿದ ಪ್ರತಿ ಕೊಡಿ. ಮೂಲ ನೋಡಲೇಬೇಕು ಎಂದರೆ ಎದುರಿಗೆ ಕುಳಿತು ತೋರಿಸಿ, ಏಳುವಾಗ ಎತ್ತಿಕೊಂಡು ಬನ್ನಿ.

ಮೂರನೆಯ ಹಂತ: ಇಂಗ್ಲಿಷ್

ಎಲ್ಲರೂ ಬರೆಯುವ ಐಇಎಲ್‌ಟಿಎಸ್ ಅಕಾಡೆಮಿಕ್ ಅಥವಾ ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಒಇಟಿ, ಈ ಎರಡು ಇಂಗ್ಲಿಷ್ ಪರೀಕ್ಷೆಗಳಲ್ಲಿ ಒಂದು ಪಾಸಾಗಬೇಕು. ಮೊದಲನೆಯದರಲ್ಲಿ ಓದು, ಆಲಿಸುವಿಕೆ, ಮಾತು ಮೂರರಲ್ಲೂ 7 ಬೇಕು, ಬರವಣಿಗೆಯಲ್ಲಿ 6.5. ಒಇಟಿಯಲ್ಲಿ ಆ ಮೂರಕ್ಕೆ 350 ಅಂಕದ ‘ಬಿ’, ಬರವಣಿಗೆಗೆ 300 ಅಂಕದ ‘ಸಿ ಪ್ಲಸ್’. ನಾನು ಯಾರು ಕೇಳಿದರೂ ಒಇಟಿ ಎನ್ನುತ್ತೇನೆ. ಐಇಎಲ್‌ಟಿಎಸ್‌ನಲ್ಲಿ ನಗರ ಸಾರಿಗೆಯ ಬಗ್ಗೆಯೋ ಪರಿಸರದ ಬಗ್ಗೆಯೋ ಪ್ರಬಂಧ ಬರೆಯಬೇಕು. ಒಇಟಿಯಲ್ಲಿ ರೋಗಿಯ ಬಗ್ಗೆ ಪತ್ರ ಬರೆಯಬೇಕು. ಪಾಳಿ ಮುಗಿದಾಗಲೆಲ್ಲ ಮುಂದಿನವರಿಗೆ ರೋಗಿಗಳ ಸ್ಥಿತಿ ವಿವರಿಸಿ ಹ್ಯಾಂಡ್‌ಓವರ್ ಕೊಡುವ ನಿಮಗೆ ಎರಡನೆಯದು ಗೊತ್ತಿರುವ ಕೆಲಸ. ದುಬಾರಿ ನಿಜ, ಆದರೂ ಅದೇ ಸರಿ.

ಆ ಪತ್ರದಲ್ಲಿಯೇ ಹೆಚ್ಚಿನವರು ಜಾರುವುದು. ಐದು ನಿಮಿಷ ಓದಲು, ನಲವತ್ತು ನಿಮಿಷ ಬರೆಯಲು, ಪತ್ರ 180ರಿಂದ 200 ಪದ. ಕೊಟ್ಟ ಟಿಪ್ಪಣಿಯಲ್ಲಿ ಇದ್ದದ್ದನ್ನೆಲ್ಲ ತುಂಬುವುದೇ ದೊಡ್ಡ ತಪ್ಪು. ಸೊಂಟದ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಹೋಗುತ್ತಿರುವ ಅಜ್ಜಿಯ ಬಗ್ಗೆ ಸಮುದಾಯ ನರ್ಸ್‌ಗೆ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಆಕೆಗೆ ಇಪ್ಪತ್ತನೆಯ ವಯಸ್ಸಿನಲ್ಲಿ ಅಪೆಂಡಿಕ್ಸ್ ತೆಗೆದದ್ದು ಆ ನರ್ಸ್‌ಗೆ ಬೇಕಿಲ್ಲ. ಗಾಯದ ಹೊಲಿಗೆ ಯಾವತ್ತು ಬಿಚ್ಚಬೇಕು, ಮನೆಯಲ್ಲಿ ಮೆಟ್ಟಿಲಿದೆಯೇ, ರಕ್ತ ತೆಳುವಾಗಿಸುವ ಮಾತ್ರೆ ಎಲ್ಲಿಯ ತನಕ ಎಂಬುದು ಬೇಕು. ಪತ್ರ ಓದುವವರು ನಾಳೆ ಬೆಳಿಗ್ಗೆ ಆ ಮನೆಯ ಬಾಗಿಲು ತಟ್ಟುತ್ತಾರೆ ಎಂದು ಮನಸ್ಸಿನಲ್ಲಿಟ್ಟುಕೊಂಡು ಬರೆಯಿರಿ. ಬಾಯಿಪಾಠ ಮಾಡಲು ಸಿದ್ಧ ಪತ್ರಗಳನ್ನು ಮಾರುವ ಕೋಚಿಂಗ್ ಕೇಂದ್ರಗಳಿಂದ ದೂರವಿರಿ. ‘ಪರೀಕ್ಷೆ ಬರೆಯದೆಯೇ ಸರ್ಟಿಫಿಕೇಟ್’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಂದೇಶಗಳನ್ನಂತೂ ತೆರೆಯಲೇಬೇಡಿ. ಸಿಕ್ಕಿಬಿದ್ದರೆ ಜೀವಮಾನದ ವೃತ್ತಿಗೇ ಕುತ್ತು.

ಒಂದು ವಿಭಾಗದಲ್ಲಿ ಸ್ವಲ್ಪದರಲ್ಲೇ ತಪ್ಪಿದರೆ ಎದೆಗುಂದಬೇಡಿ. ಹನ್ನೆರಡು ತಿಂಗಳೊಳಗಿನ ಎರಡು ಪ್ರಯತ್ನಗಳ ಫಲಿತಾಂಶವನ್ನು ಒಟ್ಟಿಗೆ ತೋರಿಸಲು ಎನ್‌ಎಂಸಿ ಅವಕಾಶ ಕೊಟ್ಟಿದೆ. ಎರಡರಲ್ಲಿಯೂ ಯಾವ ವಿಭಾಗವೂ ತೀರ ಕೆಳಗಿಳಿದಿರಬಾರದು, ಅಷ್ಟೆ. ಫಲಿತಾಂಶಕ್ಕೆ ಎರಡು ವರ್ಷ ಆಯುಸ್ಸು. ಹೆಸರಿನ ಕೆಲಸ ಮುಗಿಸದೆ ಇಂಗ್ಲಿಷ್ ಬರೆದವರಿಗೆ ಆ ಎರಡು ವರ್ಷ ಕಚೇರಿ ಅಲೆಯುವುದರಲ್ಲೇ ಕರಗಿಹೋಗುತ್ತದೆ.

ನಾಲ್ಕನೆಯ ಹಂತ: ಸಿಬಿಟಿ

ಇದು ಕಂಪ್ಯೂಟರ್ ಮುಂದೆ ಕುಳಿತು ಬರೆಯುವ ಎನ್‌ಎಂಸಿಯ ಪರೀಕ್ಷೆ, ಶುಲ್ಕ 83 ಪೌಂಡ್. ಔಷಧ ಪ್ರಮಾಣದ ಲೆಕ್ಕ 15 ಪ್ರಶ್ನೆ, ನರ್ಸಿಂಗ್ 100 ಪ್ರಶ್ನೆ. ಡ್ಯೂಟಿ ಮಾಡುತ್ತಲೇ ಎರಡು ತಿಂಗಳು ಓದಿದರೆ ಸಾಕು. ಪಾಸ್‌ಪೋರ್ಟ್‌ನಲ್ಲಿರುವ ಹೆಸರಿನಲ್ಲಿಯೇ ಬುಕ್ ಮಾಡಿ.

ಐದನೆಯ ಹಂತ: ಕೆಲಸ ಮತ್ತು ವೀಸಾ

ಎನ್‌ಎಂಸಿ ನಿಮ್ಮ ಓದು, ನೋಂದಣಿಗಳನ್ನು ಪರಿಶೀಲಿಸಲು 140 ಪೌಂಡ್ ತೆಗೆದುಕೊಳ್ಳುತ್ತದೆ. ಅದರ ಜೊತೆಜೊತೆಗೇ ಕೆಲಸ ಹುಡುಕಿ. ಆಸ್ಪತ್ರೆ ನಿಮ್ಮನ್ನು ಆಯ್ದುಕೊಂಡರೆ ‘ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್’ ಕೊಡುತ್ತದೆ. ಹೆಸರು ಸರ್ಟಿಫಿಕೇಟ್ ಆದರೂ ಅದು ಕಾಗದವಲ್ಲ, ಒಂದು ಸಂಖ್ಯೆ. ಸಿಕ್ಕ ಮೂರು ತಿಂಗಳೊಳಗೆ ಹೆಲ್ತ್ ಅಂಡ್ ಕೇರ್ ವರ್ಕರ್ ವೀಸಾಕ್ಕೆ ಅರ್ಜಿ ಹಾಕಬೇಕು. ಬೇರೆ ಕೆಲಸಗಾರರು ಕಟ್ಟುವ ಆರೋಗ್ಯ ಸರ್‌ಚಾರ್ಜ್ ಈ ವೀಸಾಕ್ಕೆ ಇಲ್ಲ. ಎನ್‌ಎಂಸಿ ಒಪ್ಪಿದ ಇಂಗ್ಲಿಷ್ ಪರೀಕ್ಷೆ ಪಾಸಾಗಿದ್ದರೆ ವೀಸಾಕ್ಕೆಂದು ಮತ್ತೊಂದನ್ನು ಬರೆಯಬೇಕಿಲ್ಲ. ಪೊಲೀಸ್ ಕ್ಲಿಯರೆನ್ಸ್, ಬ್ರಿಟನ್ ಸರ್ಕಾರ ಒಪ್ಪಿರುವ ಕ್ಲಿನಿಕ್ಕಿನಲ್ಲಿಯೇ ಮಾಡಿಸಿದ ಕ್ಷಯ ತಪಾಸಣೆ ಎರಡೂ ಬೇಕು. ತಪಾಸಣೆಯ ಪ್ರಮಾಣಪತ್ರ ಆರು ತಿಂಗಳಷ್ಟೇ ನಡೆಯುವುದರಿಂದ ಅದನ್ನು ಮೊದಲೇ ಮಾಡಿಸಿಡಬೇಡಿ. ಆರಂಭದ ಖರ್ಚಿಗೆ ಆಸ್ಪತ್ರೆ ಹೊಣೆ ಹೊರದಿದ್ದರೆ ನಿಮ್ಮ ಖಾತೆಯಲ್ಲಿ 1,270 ಪೌಂಡ್ 28 ದಿನ ಅಲುಗಾಡದೆ ಇರಬೇಕು.

ಆ ಸ್ಪಾನ್ಸರ್‌ಶಿಪ್ ಸಂಖ್ಯೆಯನ್ನೇ ಹತ್ತು ಹದಿನೈದು ಲಕ್ಷಕ್ಕೆ ಮಾರುವವರಿದ್ದಾರೆ. ಅದನ್ನು ಮಾರುವುದಕ್ಕೆ ಯಾರಿಗೂ ಹಕ್ಕಿಲ್ಲ. ಬ್ರಿಟನ್ನಿನ ನೇಮಕಾತಿ ಸಂಹಿತೆಯ ಪ್ರಕಾರ ಅಭ್ಯರ್ಥಿಯಿಂದ ನೇಮಕಾತಿ ಶುಲ್ಕ ವಸೂಲಿ ಮಾಡುವಂತಿಲ್ಲ. ನಮ್ಮ ದೇಶದ ನಿಯಮದಲ್ಲಿ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕಕ್ಕೂ 30,000 ರೂಪಾಯಿ ಮತ್ತು ಜಿಎಸ್‌ಟಿ ಎಂಬ ಮಿತಿ ಇದೆ. ಏಜೆಂಟ್ ನೋಂದಾಯಿತನೇ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ಆಸ್ಪತ್ರೆಗೆ ಪರವಾನಗಿ ಇದೆಯೇ ಎಂದು ಬ್ರಿಟನ್ ಗೃಹ ಇಲಾಖೆಯ ಸ್ಪಾನ್ಸರ್ ಪಟ್ಟಿಯಲ್ಲಿ ನೋಡಿ. ‘ಮೊದಲು ಕೇರ್ ವರ್ಕರ್ (ವೃದ್ಧರು, ಅಶಕ್ತರ ಆರೈಕೆ ಮಾಡುವವರು) ಆಗಿ ಹೋಗು, ಆಮೇಲೆ ನರ್ಸ್ ಆಗಬಹುದು’ ಎನ್ನುವವರ ಮಾತು ಕೇಳಬೇಡಿ. 2025ರ ಜುಲೈ 22ರಿಂದ ಹೊರದೇಶದಿಂದ ಹೊಸದಾಗಿ ಕೇರ್ ವರ್ಕರ್‌ಗಳನ್ನು ಕರೆಸಿಕೊಳ್ಳುವ ದಾರಿ ಮುಚ್ಚಿದೆ. ಅದಕ್ಕೂ ಮೊದಲು ಹೊಲ ಅಡವಿಟ್ಟು ಹೋಗಿ, ಅಲ್ಲಿ ವಾರಕ್ಕೆ ಹತ್ತು ಗಂಟೆಯ ಕೆಲಸವೂ ಸಿಗದೆ ಕಂಗಾಲಾದವರನ್ನು ನಾನೇ ಕಂಡಿದ್ದೇನೆ.

ಕರಾರುಪತ್ರಕ್ಕೆ ಸಹಿ ಹಾಕುವ ಮೊದಲು ಒಂದು ಅಂಶ ಹುಡುಕಿ: ನಡುವೆ ಕೆಲಸ ಬಿಟ್ಟರೆ ಆಸ್ಪತ್ರೆ ನಿಮಗಾಗಿ ಮಾಡಿದ ಖರ್ಚಿನಲ್ಲಿ ಎಷ್ಟನ್ನು ಹಿಂತಿರುಗಿಸಬೇಕು? ತಿಂಗಳು ಕಳೆದಂತೆ ಆ ಮೊತ್ತ ಇಳಿಯುತ್ತ ಹೋದರೆ ಸರಿ. ಕೊನೆಯ ದಿನದವರೆಗೂ ಪೂರ್ತಿ ಮೊತ್ತವೇ ಇದ್ದರೆ ಸಹಿ ಹಾಕಬೇಡಿ.

ಆರನೆಯ ಹಂತ: ಆಸ್ಕಿ

ಇದು ಬ್ರಿಟನ್ನಿಗೆ ಹೋದ ಮೇಲೆ ಎದುರಿಸುವ ಪ್ರಾಯೋಗಿಕ ಪರೀಕ್ಷೆ, 794 ಪೌಂಡ್, ಸಾಮಾನ್ಯವಾಗಿ ಆಸ್ಪತ್ರೆಯೇ ಕಟ್ಟುತ್ತದೆ. ಕೆಲಸಕ್ಕೆ ಸೇರಿದ ಮೂರು ತಿಂಗಳೊಳಗೆ ಮೊದಲ ಸಲ ಕೂರಬೇಕು. 2019ರಲ್ಲಿ ನಾನು ಕುಳಿತಾಗ ಆರು ಸ್ಟೇಷನ್, ಅಂದರೆ ಒಂದೊಂದು ಕೆಲಸ ಮಾಡಿ ತೋರಿಸುವ ಆರು ಹಂತ ಇದ್ದವು, 2021ರ ಆಗಸ್ಟ್‌ನಿಂದ ಹತ್ತು. ಅದರಲ್ಲಿ ಎರಡು ಬರೆಯುವಂಥವು. ಸೋತರೆ ಸೋತ ಸ್ಟೇಷನ್‌ಗಳನ್ನಷ್ಟೇ ಮತ್ತೆ ಬರೆಯುವ ಅವಕಾಶ ಇದೆ.

ಕೈಕೆಲಸದಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಆದರೂ ಸೋಲುವುದು ಬಾಯಿ ಬಿಡದೆ ಇರುವುದರಿಂದ. ನಮ್ಮ ವಾರ್ಡುಗಳಲ್ಲಿ ‘ಅಜ್ಜಿ, ಕೈ ಕೊಡಿ’ ಎಂದು ಸೂಜಿ ಚುಚ್ಚಿ ಮುಂದಿನ ಹಾಸಿಗೆಗೆ ಹೋಗುತ್ತೇವೆ. ನಲವತ್ತು ರೋಗಿಗಳಿಗೆ ಇಬ್ಬರು ಸಿಸ್ಟರ್ ಇರುವಲ್ಲಿ ಬೇರೆ ದಾರಿಯೂ ಇಲ್ಲ. ಅಲ್ಲಿ ಹಾಗಲ್ಲ. ಕೈ ತೊಳೆದುಕೊಳ್ಳಬೇಕು, ನಿಮ್ಮ ಹೆಸರು ಹೇಳಬೇಕು, ರೋಗಿಯ ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ಅವರ ಬಾಯಿಂದಲೇ ಹೇಳಿಸಿ ಕೈಪಟ್ಟಿಗೆ ಹೋಲಿಸಬೇಕು. ಅಲರ್ಜಿ ಕೇಳಬೇಕು, ಏನು ಮಾಡುತ್ತೇನೆಂದು ವಿವರಿಸಿ ಒಪ್ಪಿಗೆ ಪಡೆಯಬೇಕು. ಮುಟ್ಟುವುದು ಆಮೇಲೆ. ಇದರಲ್ಲಿ ಅಲರ್ಜಿಯೊಂದನ್ನು ಮರೆತು ಮಾತ್ರೆ ಕೊಟ್ಟರೂ ಆ ಸ್ಟೇಷನ್ ಹೋಯಿತು.

ಈ ಅಭ್ಯಾಸ ಊರಿನಲ್ಲಿಯೇ ಆಗಬೇಕು. ತಂಗಿಯನ್ನೋ ಅಮ್ಮನನ್ನೋ ಮಂಚದ ಮೇಲೆ ಮಲಗಿಸಿ, ಜೋರಾಗಿ ಮಾತಾಡುತ್ತ ರಕ್ತದೊತ್ತಡ ನೋಡಿ. ಯಂತ್ರ ಬೇಡ, ಕೈಯಲ್ಲಿ ಪಂಪ್ ಒತ್ತಿ ಸ್ಟೆತಸ್ಕೋಪ್ ಇಟ್ಟು ನೋಡಿ. ಉಸಿರಾಟ, ನಾಡಿ, ರಕ್ತದೊತ್ತಡ ಮುಂತಾದವಕ್ಕೆ ಅಂಕ ಕೊಟ್ಟು ರೋಗಿಯ ಸ್ಥಿತಿ ಹದಗೆಡುತ್ತಿದೆಯೇ ಎಂದು ಅಳೆಯುವ ನ್ಯೂಸ್-2 ಎಂಬ ಚಾರ್ಟನ್ನು ಮುದ್ರಿಸಿಕೊಂಡು ದಿನಕ್ಕೊಂದು ತುಂಬಿ. ಅಂಕ 5 ಮುಟ್ಟಿದರೆ ತುರ್ತಾಗಿ ಯಾರನ್ನು ಕರೆಯಬೇಕು, 7 ಆದರೆ ಏನು ಮಾಡಬೇಕು ಎಂಬುದು ನಿದ್ದೆಯಲ್ಲಿ ಕೇಳಿದರೂ ಹೇಳುವಂತಿರಬೇಕು. ತುಂಬಿದ ಪ್ರತಿ ಹಾಳೆಗೂ ಸಹಿ, ದಿನಾಂಕ, ಸಮಯ ಹಾಕಿ.

ಪಾಸಾದ ಮೇಲೆ ಎನ್‌ಎಂಸಿ ನಿಮಗೊಂದು ಪಿನ್, ಅಂದರೆ ನೋಂದಣಿ ಸಂಖ್ಯೆ ಕೊಡುತ್ತದೆ. ಅದು ಬರುವ ತನಕ ಕೆಳಗಿನ ದರ್ಜೆಯ ಸಂಬಳ, ಬಂದ ಮೇಲೆ ನೋಂದಾಯಿತ ನರ್ಸ್‌ಗಳ ಸಂಬಳದ ದರ್ಜೆಯಾದ ಬ್ಯಾಂಡ್ 5. ಪಿನ್ ಬಂದ ದಿನವೇ ಆಸ್ಪತ್ರೆಯ ಸಿಬ್ಬಂದಿ ವಿಭಾಗಕ್ಕೆ ಇಮೇಲ್ ಮಾಡಿ, ಹೊಸ ಸಂಬಳ ಯಾವ ದಿನಾಂಕದಿಂದ ಎಂದು ಬರಹದಲ್ಲಿ ಉತ್ತರ ತರಿಸಿಕೊಳ್ಳಿ.