ಲಾಂಗ್ ಟರ್ಮ್ ಕೋಚಿಂಗ್ ಇಲ್ಲದೆ ಸರ್ಕಾರಿ ಎಂಬಿಬಿಎಸ್ ಸೀಟು: ನನ್ನ ಅನುಭವ

ಲಾಂಗ್ ಟರ್ಮ್‌ಗೆ, ಅಂದರೆ ಒಂದು ವರ್ಷದ ಕೋಚಿಂಗ್‌ಗೆ, ಸೇರದೆ ಮನೆಯಲ್ಲಿ ಕೂತು ನೀಟ್ (ವೈದ್ಯಕೀಯ ಪ್ರವೇಶ ಪರೀಕ್ಷೆ) ರಿಪೀಟ್ ಮಾಡಿದರೆ ಸೀಟು ಸಿಗಲ್ಲ ಅಂತ ಹೇಳದವರೇ ಇರಲಿಲ್ಲ. ಉಪನ್ಯಾಸಕರು, ಸೋದರಮಾವ, ಜೊತೆಗೆ ಓದಿದವರು, ಎಲ್ಲರದ್ದೂ ಅದೇ ಮಾತು. ಈಗ ಸರ್ಕಾರಿ ಕಾಲೇಜಿನಲ್ಲಿ ಅನಾಟಮಿ ಓದುತ್ತಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ಕೋಚಿಂಗ್, ಹಾಸ್ಟೆಲ್ ಸೇರಿ ಒಂದೂವರೆ ಲಕ್ಷದ ಮೇಲೆ ಕೇಳಿದರು. ನಮ್ಮದು ಚಳ್ಳಕೆರೆ ಕಡೆ ಶೇಂಗಾ ಬೆಳೆಯುವ ಮನೆ, ಸಾಲ ಮಾಡದೆ ಅಷ್ಟು ದುಡ್ಡು ಹುಟ್ಟಲ್ಲ. ನನ್ನ ಹತ್ತಿರ ಇದ್ದದ್ದು ಪಿಯುಸಿಯ ಸ್ಕಾಲರ್‌ಶಿಪ್ ಮಾತ್ರ. ಎಸ್ಸೆಸ್ಸೆಲ್ಸಿಯಲ್ಲಿ 600 ದಾಟಿದ್ದರಿಂದ ವಿದ್ಯಾಧನ್ ಅನ್ನೋ ಖಾಸಗಿ ಸ್ಕಾಲರ್‌ಶಿಪ್ ಸಿಕ್ಕಿತ್ತು, ವರ್ಷಕ್ಕೆ 10,000. ಅಪ್ಪನ ಫ್ರೂಟ್ಸ್ ಐಡಿ (ಸರ್ಕಾರ ಕೊಡುವ ರೈತರ ನೋಂದಣಿ ಸಂಖ್ಯೆ) ಸರಿಯಾಗಿ ಇದ್ದದ್ದಕ್ಕೆ ರೈತರ ಮಕ್ಕಳಿಗೆ ಸರ್ಕಾರ ಕೊಡುವ ರೈತ ವಿದ್ಯಾನಿಧಿಯ 3,000. ಅದರಲ್ಲಿ ಒಂದು ಕಂತು ಎಲ್ಲಿ ಹೋಯಿತು ಅಂತಲೇ ತಿಂಗಳುಗಟ್ಟಲೆ ಗೊತ್ತಾಗಲಿಲ್ಲ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ದುಡ್ಡು ಬರಲು ಆಧಾರ್ ಅನ್ನು ಒಂದು ಖಾತೆಗೆ ಜೋಡಿಸುವುದು) ಯಾವ ಖಾತೆಗೆ ಇದೆಯೋ ದುಡ್ಡು ಅಲ್ಲಿಗೇ ಹೋಗುತ್ತದೆ. ನನ್ನದು ಪ್ರೈಮರಿಯಲ್ಲಿ ತೆಗೆಸಿದ್ದ ಹಳೇ ಖಾತೆಯಲ್ಲಿ ಕೂತಿತ್ತು.

ರಿಪೀಟ್ ವರ್ಷ ಯಾವ ಕಾಲೇಜಿನಲ್ಲೂ ದಾಖಲಾತಿ ಇರಲ್ಲ, ಹಾಗಾಗಿ ಈ ದುಡ್ಡೂ ನಿಲ್ಲುತ್ತದೆ. ಅದಕ್ಕೇ ಮೊದಲೇ ಕೂಡಿಟ್ಟಿದ್ದೆ. ಟೆಸ್ಟ್ ಸೀರೀಸ್, ಹಳೇ ಪ್ರಶ್ನೆಪತ್ರಿಕೆ, ಇಂಟರ್ನೆಟ್, ಅರ್ಜಿ ಶುಲ್ಕ ಎಲ್ಲಾ ಹನ್ನೆರಡು ಸಾವಿರದ ಒಳಗೆ ಮುಗಿಯಿತು.

2024ರ ನೀಟ್‌ನಲ್ಲಿ 720ಕ್ಕೆ 540ರ ಹತ್ತಿರ ಬಂದಿತ್ತು. ಆದರೆ ಆ ವರ್ಷ ಅಂಕಗಳು ಉಬ್ಬಿದ್ದವು, ತುಂಬಾ ಜನಕ್ಕೆ ಜಾಸ್ತಿ ಬಂದಿತ್ತು. ರ‍್ಯಾಂಕ್ ಒಂದೂವರೆ ಲಕ್ಷ ದಾಟಿತು, ಸೀಟಿನ ಮಾತೇ ಇಲ್ಲ. 2025ರಲ್ಲಿ ನನಗೆ ಬಂದದ್ದು ಅದಕ್ಕಿಂತ ಕಡಿಮೆ, 500ರ ಆಸುಪಾಸು. ಆದರೆ ಫಿಸಿಕ್ಸ್ ಎಲ್ಲರನ್ನೂ ಕೆಡವಿತ್ತು, ದೇಶಕ್ಕೆ ಮೊದಲು ಬಂದವರಿಗೇ 686. ನನ್ನ ರ‍್ಯಾಂಕ್ ಆರಾಮಾಗಿ ಒಂದು ಲಕ್ಷದೊಳಗೆ ಬಂತು.

ನಾನು ನಂಬಿದ್ದು ಬಯಾಲಜಿಯ 360 ಅಂಕ. ಎನ್‌ಸಿಇಆರ್‌ಟಿ ಪುಟವನ್ನು ರಟ್ಟಿನಿಂದ ಮುಚ್ಚಿ, ಒಂದೊಂದೇ ಸಾಲು ಕೆಳಗೆ ಸರಿಸುತ್ತಾ, ಮುಂದಿನ ಸಾಲು ಏನಂತ ಮೊದಲೇ ಬಾಯಲ್ಲಿ ಹೇಳುತ್ತಿದ್ದೆ. ಚಿತ್ರದ ಕೆಳಗಿನ ಸಣ್ಣ ಅಕ್ಷರವನ್ನೂ ಬಿಡಲಿಲ್ಲ. ಶೇಂಗಾ ಬಿಡಿಸುವಾಗ ಕೇಳೋಣ ಅಂತ ಪಾಠಗಳನ್ನು ಫೋನಿನಲ್ಲಿ ರೆಕಾರ್ಡ್ ಕೂಡ ಮಾಡಿದೆ. ಸಸ್ಯಗಳ ವರ್ಗೀಕರಣಕ್ಕೆ ಚೆನ್ನಾಗಿ ಕೆಲಸ ಮಾಡಿತು, ಜೆನೆಟಿಕ್ಸ್‌ಗೆ ಏನೂ ಪ್ರಯೋಜನವಾಗಲಿಲ್ಲ. ಕನ್ನಡ ಪ್ರಶ್ನೆಪತ್ರಿಕೆಯನ್ನೂ ಮನೆಯಲ್ಲಿ ಬರೆದು ನೋಡಿದೆ. ನನಗೆ ಟೈಮ್ ಜಾಸ್ತಿ ಹಿಡಿಯಿತು, ಬಿಟ್ಟೆ. ಫಿಸಿಕ್ಸ್‌ನಲ್ಲಿ ಯಾವ ಪ್ರಶ್ನೆಯನ್ನು ಮುಟ್ಟಬಾರದು ಅಂತ ನೋಡಿದ ಕೂಡಲೇ ಹೇಳಬಲ್ಲೆ. ಅದು ಹೇಗೆ ಅನ್ನೋದು ತಂಗಿಯ ನೀಟ್ ಮುಗಿಯುವ ತನಕ ನಮ್ಮ ಮನೆಯಲ್ಲೇ ಇರಲಿ.

ಸೀಟು ತಂದುಕೊಟ್ಟದ್ದರಲ್ಲಿ ಕಾಗದಪತ್ರದ ಪಾಲು ದೊಡ್ಡದು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಸೀಟು ಹಂಚಿಕೆಯ ಕೌನ್ಸೆಲಿಂಗ್‌ನಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮ ಎರಡೂ ಮೀಸಲಾತಿ ಕೇಳಬಹುದು. ನಾನು ಐದರಿಂದ ಏಳು ಅಜ್ಜಿ ಊರಲ್ಲಿ ಓದಿದ್ದು, ಅದು ಬೇರೆ ತಾಲ್ಲೂಕು. ಅಲ್ಲಿನ ಹೆಡ್‌ಮಾಸ್ಟರ್ ಸಹಿ, ಅಲ್ಲಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇರೆಯೇ ಬೇಕಾಯಿತು. ನೀಟ್ ಬರೆಯುವ ಮೊದಲೇ ಓಡಾಡಿ ಮುಗಿಸಿದ್ದೆ. ಫಲಿತಾಂಶ ಬಂದ ಮೇಲೆ ಹೊರಟವರು ಆ ಕಚೇರಿಗಳ ಮುಂದೆ ಕಾಯುತ್ತಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ.